ಹೆಸರು ಹಿಡಿದು ಕರೆದ ಸಂಜೆ

ನೈರೋಬಿಯ ಹರ್ಲಿಂಗ್‌ಹ್ಯಾಮಿನ ಒಂದು ಕ್ಲಿನಿಕ್ಕಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಗಂಡ ತೀರಿಕೊಂಡ ಮರುವರ್ಷ, ಮಂಡಿಯ ಆಪರೇಷನ್ ಮಾಡಿಸಿಕೊಂಡಿದ್ದ ಒಬ್ಬ ಇಂಗ್ಲಿಷ್ ಹೆಂಗಸಿಗೆ ವ್ಯಾಯಾಮ ಮಾಡಿಸಲು ಅವರ ಫ್ಲ್ಯಾಟಿಗೇ ಹೋಗತೊಡಗಿದೆ. ಇಲ್ಲಿಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ, ಎಪ್ಪತ್ತು ದಾಟಿದ ಒಂಟಿ ಜೀವ. ಮನಸ್ಸಿನಲ್ಲೇ ನಾನವರನ್ನು ಟೀಚರಮ್ಮ ಎಂದು ಕರೆಯುತ್ತಿದ್ದೆ.

ಅವರ ಕೋಣೆಯ ಮೂಲೆಯಲ್ಲೊಂದು ಪುಟ್ಟ ಮೇಜು. ಅದರ ಮೇಲೆ ಕಪ್ಪು ಹಿಡಿಯ ಚೂರಿ, ಬೆಳ್ಳಿಯ ಬಟ್ಟಲು, ಉಪ್ಪು, ಮೇಣದಬತ್ತಿ. ಪೂಜೆಯ ಜಾಗದಲ್ಲಿ ಚೂರಿ ಯಾಕೆ ಎಂದು ಕೇಳಿದೆ.

"ನಾನು ಮಾಟಗಾತಿ," ಎಂದರು ಸಹಜವಾಗಿ, ಕೊರಳಲ್ಲಿದ್ದ ಐದು ಮೂಲೆಯ ನಕ್ಷತ್ರದ ಪದಕವನ್ನು ಮುಟ್ಟಿ. ಆಮೇಲೆ ಅಡುಗೆಮನೆಯಲ್ಲಿದ್ದ ಕೆಲಸದಾಕೆಯ ಕಡೆ ನೋಡಿ ದನಿ ತಗ್ಗಿಸಿದರು. "ಅವಳ ಮುಂದೆ ಮಾತ್ರ ಈ ಮಾತು ಬೇಡ. ಇಲ್ಲಿ ಕೆಲವು ಊರುಗಳಲ್ಲಿ ‘ಮ್ಚಾವಿ’, ಮಾಟ ಮಾಡೋರು, ಅಂತ ಬೆರಳು ತೋರಿಸಿದ್ರೆ ಮುದುಕರ ಜೀವವೇ ಹೋಗುತ್ತೆ."

ನನಗೂ ಒಳಗೊಳಗೆ ಹೆದರಿಕೆಯಾಯಿತು. ನಮ್ಮ ಕರಾವಳಿಯಲ್ಲಿ ಮಾಟವೆಂದರೆ ನಿಂಬೆಹಣ್ಣು, ಕುಂಕುಮ, ಯಾರದೋ ಹೊಟ್ಟೆಯುರಿ. ಟೀಚರಮ್ಮ ಹೇಳಿದ್ದೇ ಬೇರೆ. ವಿಕ್ಕಾ ಎನ್ನುವ ಧರ್ಮ. ಒಬ್ಬಳು ದೇವಿ, ಒಬ್ಬ ದೇವ. ಹುಣ್ಣಿಮೆಯ ಪೂಜೆ, ಋತು ತಿರುಗಿದಾಗೆಲ್ಲ ಹಬ್ಬ. ಯಾರಿಗೂ ಕೇಡು ಬಯಸಬಾರದು. ಹಳೆಯ ನಂಬಿಕೆಗಳಿಂದ ಆಯ್ದು ಇತ್ತೀಚೆಗೆ ಕಟ್ಟಿದ್ದು ಎಂದು ಅವರೇ ಒಪ್ಪಿಕೊಂಡರು.

ಅದರಲ್ಲೂ ನಾನಾ ಪಂಥಗಳಂತೆ. ಅವರದು ದೀಕ್ಷೆಯದು. ಬಳಗದ ಹಿರಿಯರು ಕಿರಿಯರಿಗೆ ಕೊಡಬೇಕು, ಅದಕ್ಕೆ ಮೂರು ಮೆಟ್ಟಿಲು. ಎರಡನೆಯದಾದ ಮೇಲೆ ಕೆಲಸಕ್ಕೆಂದು ನೈರೋಬಿಗೆ ಬಂದವರು ಇಲ್ಲೇ ಉಳಿದುಬಿಟ್ಟರು. ಇಂಗ್ಲೆಂಡಿನಲ್ಲಿ ಬಳಗದ ಹಿರಿಯಾಕೆ ತೀರಿಕೊಂಡರು, ಉಳಿದವರು ಚದುರಿದರು. ಮೂರನೆಯ ದೀಕ್ಷೆ ಕೊಡುವವರೇ ಇಲ್ಲವಾದರು.

"ಸುತ್ತ ನಿಂತು, ಕೈ ಕೈ ಹಿಡಿದು ಹಾಡ್ತಿದ್ವಿ. ಈಗ ಹಾಡಿದ್ರೆ ನನ್ನ ದನಿಯೊಂದೇ ಕೇಳಿಸುತ್ತೆ," ಎಂದರು. ಆ ದಿನ ಅವರು ವ್ಯಾಯಾಮ ಬೇಡವೆಂದರು.

ಕೆಲವು ತಿಂಗಳ ಮೇಲೆ ರಾಯಭಾರ ಕಚೇರಿಗಳಿರುವ ಗಿಗಿರಿಯಲ್ಲಿ ಕೆಲಸ ಮಾಡುವ ಅಮೆರಿಕನ್ ಹುಡುಗಿಯೊಬ್ಬಳು ಕುತ್ತಿಗೆ ನೋವೆಂದು ಕ್ಲಿನಿಕ್ಕಿಗೆ ಬಂದಳು. ಅವಳ ಕೊರಳಲ್ಲೂ ಟೀಚರಮ್ಮನ ಪದಕದಂಥದೇ ಐದು ಮೂಲೆಯ ನಕ್ಷತ್ರವಿತ್ತು. ವಿಚಾರಿಸಿದರೆ ಅವಳೂ ಅದೇ ಧರ್ಮದವಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಬ್ಬರನ್ನೂ ಕೇಳಿ, ಒಪ್ಪಿಸಿ, ಅಕ್ಟೋಬರ್ ಕೊನೆಯ ಒಂದು ಸಂಜೆ ಅವಳನ್ನು ಆ ಫ್ಲ್ಯಾಟಿಗೆ ಕರೆದುಕೊಂಡು ಹೋದೆ.

ಕೂತು ಇನ್ನೂ ಟೀ ಮುಗಿದಿರಲಿಲ್ಲ, ಜಗಳ ಶುರುವಾಯಿತು.

"ನಿನಗೆ ದೀಕ್ಷೆ ಕೊಟ್ಟವರು ಯಾರು?" ಎಂದರು ಟೀಚರಮ್ಮ.

"ಯಾರೂ ಇಲ್ಲ. ನಾನು ಒಬ್ಬಳೇ ಮಾಡೋಳು. ಬೇರೆ ಬೇರೆ ಪಂಥದಿಂದ ನನಗೆ ಒಗ್ಗಿದ್ದು ತಗೊಂಡಿದೀನಿ."

"ಅದು ಹಾಗೆಲ್ಲ ಬರಲ್ಲ. ಒಬ್ಬರು ಕೊಡಬೇಕು."

"ಹಾಗಾದ್ರೆ ಮೊದಲನೆಯವರಿಗೆ ಯಾರು ಕೊಟ್ರು?"

ಟೀಚರಮ್ಮನ ಮುಖ ಕೆಂಪಾಯಿತು. ಮಾತು ತಿರುಗಿಸಲು, ಇವತ್ತು ಸತ್ತವರ ಹಬ್ಬ, ಅವರಿಗೂ ಒಂದು ತಟ್ಟೆ ಇಡೋಣ ಎಂದರು. ಹುಡುಗಿ ಅದಕ್ಕೂ ತಕರಾರು ತೆಗೆದಳು. ನಾವಿರುವುದು ಸಮಭಾಜಕ ವೃತ್ತದ ದಕ್ಷಿಣಕ್ಕೆ. ಈ ಕಡೆಯವರಿಗೆ ಇವತ್ತು ವಸಂತದ ಹಬ್ಬ. ಹೊರಗೆ ಜಕರಂಡಾ ಹೂ ಬಿಟ್ಟಿರುವುದು ಕಾಣುವುದಿಲ್ಲವೇ ಎಂದಳು.

ನಾನು ಸುಮ್ಮನಿರಲಾರದೆ ಬಾಯಿ ಹಾಕಿದೆ. "ಮೈಸೂರಿನವರು ಒಂದು ದಿನ ಯುಗಾದಿ ಮಾಡ್ತಾರೆ, ನಾವು ಕರಾವಳಿಯವರು ಇನ್ನೊಂದು ದಿನ. ಈ ಊರಿಗೆ ಬಂದ ಮೇಲೆ ಎರಡೂ ದಿನ ಪಾಯಸ ಕುಡೀತೀವಿ."

ಇಬ್ಬರೂ ನಕ್ಕರು. "ಸರಿ, ಇದು ನಿಮ್ಮ ಮನೆ. ನೀವು ಹೇಳಿದ ಹಬ್ಬವೇ ಆಗಲಿ," ಎಂದಳು ಹುಡುಗಿ.

ತಟ್ಟೆ ಇಟ್ಟು ಟೀಚರಮ್ಮ ನನ್ನತ್ತ ತಿರುಗಿದರು. "ನೀವು ಯಾರಿಗಾದರೂ ಬಡಿಸಬೇಕಾ?"

ನನ್ನ ಗಂಡನಿಗೆ ಎಂಬಕಸಿಯ ಏರ್‌ಪೋರ್ಟಿನಲ್ಲಿ ಸರಕು ಸಾಗಣೆಯ ಕೆಲಸ. ಒಂದು ಬೆಳಗ್ಗೆ ಅಲ್ಲೇ ಕುಸಿದವರು ಮತ್ತೆ ಏಳಲಿಲ್ಲ. ದಹನ ಇಲ್ಲಿ ನಡೆಯಿತು. ಉತ್ತರಕ್ರಿಯೆಯನ್ನು ಊರಿನಲ್ಲಿ ಮೈದುನ ಮಾಡಿದ. ಮಹಾಲಯದ ಎಡೆಯೂ ಅಲ್ಲೇ. ಎಲ್ಲವನ್ನೂ ನಾನು ಫೋನಿನಲ್ಲಿ ನೋಡಿದೆ. ನನ್ನ ಕೈಯಿಂದ ಅವರಿಗೆ ಒಂದು ತುತ್ತೂ ಹೋಗಿರಲಿಲ್ಲ.

ಟೀ ಜೊತೆಗೆಂದು ತಂದಿದ್ದ ಮಂಡಾಜಿ ಇತ್ತು, ನಮ್ಮ ಮಂಗಳೂರು ಬನ್ಸಿನಂಥದೇ ಇಲ್ಲಿಯ ಕರಿದ ತಿಂಡಿ. ಕೆಲಸಕ್ಕೆ ಹೊರಡುವಾಗ ಅವರು ನಿಂತುಕೊಂಡೇ ತಿನ್ನುತ್ತಿದ್ದರು, ಕೂತು ತಿನ್ನಿ ಎಂದು ನಾನು ಗದರುತ್ತಿದ್ದೆ. ಒಂದನ್ನು ತೆಗೆದು ತಟ್ಟೆಗಿಟ್ಟೆ.

"ಈಗ ಹೆಸರು ಹಿಡಿದು ಕರೀರಿ," ಎಂದರು ಟೀಚರಮ್ಮ.

"ನಮ್ಮಲ್ಲಿ ಗಂಡನ ಹೆಸರು ಹೇಳೋದಿಲ್ಲ. ಆಸ್ಪತ್ರೆ ಕಾಗದದಲ್ಲಿ ಬರೆದಿದೀನಿ, ಅಷ್ಟೇ. ಯಾವತ್ತೂ ಕರೆದಿಲ್ಲ."

ಯಾರೂ ಒತ್ತಾಯ ಮಾಡಲಿಲ್ಲ. ಹುಡುಗಿ ನನ್ನ ಒಂದು ಕೈ ಹಿಡಿದಳು, ಟೀಚರಮ್ಮ ಇನ್ನೊಂದು. ತಟ್ಟೆಯಲ್ಲಿದ್ದ ಮಂಡಾಜಿಯನ್ನೇ ನೋಡಿದೆ. ಆಮೇಲೆ ಕರೆದೆ. ಇಷ್ಟು ವರ್ಷ ‘ರೀ’ ಎನ್ನುತ್ತಿದ್ದ ಬಾಯಲ್ಲಿ ಆ ಹೆಸರು ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಮತ್ತೆ ಕರೆದೆ. ಆಗ ಅದು ಅವರದೇ ಆಯಿತು.

ಟೀಚರಮ್ಮ ಹಾಡಲು ಬಾಯಿ ತೆರೆದು, ಹುಡುಗಿಯನ್ನು ನೋಡಿ ನಿಲ್ಲಿಸಿದರು. "ನಮ್ಮ ಬಳಗದ ಹಾಡು ದೀಕ್ಷೆ ಇಲ್ಲದವರ ಮುಂದೆ ಹಾಡಲ್ಲ ಅಂತ ಮಾತು ಕೊಟ್ಟಿದೀನಿ."

"ಬೇಡ ಬಿಡಿ. ಎಲ್ಲರೂ ಹಾಡಬಹುದಾದದ್ದು ಯಾವುದಾದ್ರೂ ಕಲಿಸಿ," ಎಂದಳು ಹುಡುಗಿ.

ಅವರು ಚಂದ್ರನ ಮೇಲಿನ ಒಂದು ಸಣ್ಣ ಹಾಡು ಹೇಳಿಕೊಟ್ಟರು. ಅವಳು ಕಲಿತಳು, ನಾನೂ ಗುನುಗಿದೆ. ಮಧ್ಯದಲ್ಲಿ ಟೀಚರಮ್ಮ ಹಾಡು ನಿಲ್ಲಿಸಿ, ಕಣ್ಣು ಮುಚ್ಚಿ, ನಮ್ಮ ದನಿಯನ್ನು ಕೇಳುತ್ತ ನಿಂತರು.

ಮನೆಗೆ ಬಂದಾಗ ಮಗಳು ನನ್ನ ಕಣ್ಣು ನೋಡಿ, "ಅಮ್ಮ, ವೇರ್ ವರ್ ಯೂ?" ಎಂದಳು.

"ನಿನ್ನ ಅಪ್ಪನಿಗೆ ತಿಂಡಿ ಕೊಟ್ಟು ಬಂದೆ."

ಅವಳು ಬಂದು ಪಕ್ಕದಲ್ಲಿ ಕೂತಳು. "ಡಿಡ್ ಹೀ ಕಮ್?"

"ಗೊತ್ತಿಲ್ಲ ಮಗಾ. ಕರೆದೆ."

ಮುಂದಿನ ವರ್ಷ ಹುಡುಗಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಟೀಚರಮ್ಮ ಇಂಗ್ಲೆಂಡಿಗೆ, ತಂಗಿಯ ಮಗಳ ಮನೆಗೆ ಹೊರಟುಹೋದರು. ಅಲ್ಲಿ ಅವರಿಗೆ ಒಂದು ಬಳಗ ಸಿಕ್ಕಿದೆ. ಬೇರೆ ಪಂಥ, ಬರೀ ಹೆಂಗಸರು, ದೇವಿಯೊಬ್ಬಳೇ, ಮೆಟ್ಟಿಲುಗಳಿಲ್ಲ. ಯಾರು ದೀಕ್ಷೆ ಕೊಟ್ಟರೆಂದು ಅವರನ್ನು ಯಾರೂ ಕೇಳಲಿಲ್ಲವಂತೆ.

"ಇಲ್ಲಿ ಹಬ್ಬಕ್ಕೆ ಸರಿಯಾದ ಚಳಿ ಇದೆ, ಕೈ ಹಿಡಿಯೋಕೆ ಜನ ಇದ್ದಾರೆ," ಎಂದರು ಹೋದ ಅಕ್ಟೋಬರಿನಲ್ಲಿ ಫೋನ್ ಮಾಡಿ. ಆಮೇಲೆ, "ನೀವಿಬ್ಬರು ಇಲ್ಲ," ಎಂದರು.

ಅವರು ಕಲಿಸಿದ ಚಂದ್ರನ ಹಾಡನ್ನು ನಾನು ಗುನುಗಿದೆ. ಇಬ್ಬರೂ ಬಹಳ ಹೊತ್ತು ಫೋನ್ ಇಡಲಿಲ್ಲ.