ಡೊರೊತಿಯ ಹಲ್ಲುನೋವು

ಕಿನ್ನಿಗೋಳಿಯ ಡೊರೊತಿ ಕತಾರಿಗೆ ಬಂದದ್ದು ಗಂಡ ತೀರಿಕೊಂಡ ವರ್ಷ. ಎರಡು ವರ್ಷದ ಮಗ ಫಿಡೆಲಿಸನನ್ನು ತಾಯಿ ಬ್ರಿಜಿಟ್‌ಳ ಮಡಿಲಿಗೆ ಹಾಕಿ, ದೋಹಾದ ಮದೀನತ್ ಖಲೀಫಾದಲ್ಲಿ ಐರಿಶ್ ಕುಟುಂಬವೊಂದರ ಮಗಳನ್ನು ನೋಡಿಕೊಳ್ಳಲು ನಿಂತಳು. ಹುಡುಗಿಯ ಹೆಸರು ಓರ್ಲಾ, ಫಿಡೆಲಿಸನಿಗಿಂತ ಮೂರೇ ತಿಂಗಳು ಚಿಕ್ಕವಳು. ಹೆತ್ತದ್ದನ್ನು ಬಿಟ್ಟು ಬಂದು ಪರರ ಮಗುವಿಗೆ ತುತ್ತು ಕೊಡುವುದು ಎಂಥ ನ್ಯಾಯವೋ, ಅದನ್ನು ಮಾಡಿಟ್ಟವನೇ ಹೇಳಬೇಕು. ಡೊರೊತಿ ಆ ಪ್ರಶ್ನೆ ಕೇಳಲಿಲ್ಲ. ಮಗನಿಗೆ ಅಂಗಿ ಕೊಳ್ಳುವಾಗ ಓರ್ಲಾಳ ಬೆನ್ನಿಗೆ ಹಿಡಿದು ಅಳತೆ ನೋಡಿ, ಒಂದಂಗುಲ ದೊಡ್ಡದನ್ನೇ ಆರಿಸಿ ಊರಿಗೆ ಕಳಿಸುತ್ತಿದ್ದಳು.

ಓರ್ಲಾ ಹುಟ್ಟಾ ನಟಿ. ಕಾವಲುಗಾರನ ಕುಂಟುನಡೆ, ಪಾದ್ರಿಗಳ ಕೆಮ್ಮು, ಡೊರೊತಿ ಚಾ ಆರಿಸಲು ಉಫ್ ಎನ್ನುವ ಬಗೆ, ಎಲ್ಲವನ್ನೂ ಒಮ್ಮೆ ನೋಡಿದರೆ ಸಾಕು, ಮಾಡಿ ತೋರಿಸುತ್ತಿದ್ದಳು. ಡೊರೊತಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಎರಡು ಸಾವಿರದ ಇಸವಿಯ ಜನವರಿಯಲ್ಲಿ ಊರಿನಿಂದ ಫೋನ್ ಬಂತು. ಫಿಡೆಲಿಸನಿಗೆ ಮೆದುಳುಜ್ವರ. ಕತಾರಿನಲ್ಲಿ ಕೆಲಸದವರು ದೇಶ ಬಿಡಬೇಕಾದರೆ ಯಜಮಾನನ ಸಹಿ ಬೇಕು, ಅದಿಲ್ಲದೆ ವಿಮಾನ ನಿಲ್ದಾಣದಲ್ಲಿ ಮುಂದೆ ಬಿಡುವುದಿಲ್ಲ. ಯಜಮಾನ ಬ್ರೆಂಡನ್ ಸಾಹೇಬರು ನಡುಸಮುದ್ರದ ಗ್ಯಾಸ್ ಪ್ಲಾಟ್‌ಫಾರ್ಮಿನಲ್ಲಿದ್ದರು. ಬಿರುಗಾಳಿಗೆ ಹೆಲಿಕಾಪ್ಟರ್ ಹಾರಲಿಲ್ಲ. ಹೆಂಡತಿಯ ಸಹಿ ನಡೆಯುವುದಿಲ್ಲ. ಟಿಕೆಟ್ ಇತ್ತು, ಪಾಸ್‌ಪೋರ್ಟ್ ಇತ್ತು, ಸಹಿಯೊಂದಿಲ್ಲ. ಮೂರನೆಯ ದಿನ ಮಧ್ಯಾಹ್ನ ಹುಡುಗ ಹೋದ.

ಆಗ ಮನೆ ತುಂಬ ಮೇಡಮ್ಮಿನ ಅತಿಥಿಗಳು. ಡೊರೊತಿ ಅಡುಗೆಮನೆಯ ನೆಲದಲ್ಲಿ ಕೂತು, ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು, ಹಣೆಯನ್ನು ಕಪಾಟಿನ ಬಾಗಿಲಿಗೆ ಒತ್ತಿ ಸದ್ದಿಲ್ಲದೆ ಅತ್ತಳು. ತಲೆ ಎತ್ತಿದಾಗ ಬಾಗಿಲಲ್ಲಿ ಓರ್ಲಾ ಕಣ್ಣರಳಿಸಿ ನಿಂತಿದ್ದಳು. ಅಷ್ಟರಲ್ಲಿ ಮೇಡಂ ಬಂದು, ಡೋರಾಗೆ ಹಲ್ಲುನೋವು, ಅವಳನ್ನು ಏನೂ ಕೇಳಬೇಡ ಎಂದು ಮಗಳ ಕೈಹಿಡಿದು ಕರೆದೊಯ್ದರು. ಮಗುವಿನ ಮನಸ್ಸಿಗೆ ನೋವಾಗಬಾರದಲ್ಲ! ಸಾಹೇಬರು ನಾಲ್ಕನೆಯ ದಿನ ಬಂದು, ಕಣ್ಣೀರು ಹಾಕಿ, ಸಹಿ ಮಾಡಿಕೊಟ್ಟರು. ಮಣ್ಣು ಮುಚ್ಚಿದ ಮೇಲೆ ಆ ಕಾಗದ ತೆಗೆದುಕೊಂಡು ಏನು ಮಾಡಬೇಕು? ಡೊರೊತಿ ಹೋಗಲಿಲ್ಲ.

ಎರಡು ವರ್ಷದ ನಂತರ ಆ ಕುಟುಂಬ ಐರ್ಲೆಂಡಿಗೆ ಮರಳಿತು. ಸಾಹೇಬರು ದೋಹಾದ ಪಕ್ಕದ ಮುಐದರಿನಲ್ಲಿದ್ದ ತಮ್ಮ ಕಂಪನಿಯ ಕತಾರಿ ಗೆಳೆಯರೊಬ್ಬರ ಮನೆಗೆ ಡೊರೊತಿಯನ್ನು ಸೇರಿಸಿ ಹೋದರು. ಓರ್ಲಾ ಐರ್ಲೆಂಡಿನಲ್ಲಿ ಶಾಲೆಯ ನಾಟಕ, ಬಿಸ್ಕತ್ತಿನ ಜಾಹೀರಾತು, ಟಿವಿ ಧಾರಾವಾಹಿ ಎಂದು ಒಂದೊಂದೇ ಮೆಟ್ಟಿಲೇರಿ, ಹದಿನಾರಕ್ಕೆ ಸಿನಿಮಾದ ನಾಯಕಿಯಾದಳು. ಅದರಲ್ಲಿ ಅವಳು ಅಳುವ ದೃಶ್ಯ ಒಂದಿದೆಯಂತೆ, ನೋಡಿದವರು ಅದನ್ನೇ ಹೇಳುತ್ತಾರಂತೆ. ಇದನ್ನೆಲ್ಲ ಹೇಳಿದವನು ಹೋಟೆಲ್ ಕಾರಿನ ಡ್ರೈವರ್ ಲ್ಯಾನ್ಸ್‌ಲಾಟ್, ಡೊರೊತಿಯ ಊರ ಪಕ್ಕದ ಪಕ್ಷಿಕೆರೆಯವನು.

"ಡೊರೊತಿಬಾಯಿ, ನಿಮ್ಮ ಆ ಹುಡುಗಿ ಬರ್ತಾಳೆ ಮಾರಾಯ್ರೆ! ಐರಿಶಿನವರ ಹಬ್ಬಕ್ಕೆ ನಮ್ಮ ಹೋಟೆಲಿನಲ್ಲಿ ಅವಳ ಪಿಕ್ಚರ್ ತೋರಿಸ್ತಾರೆ, ಶುಕ್ರವಾರ."

ಅದು ಎರಡು ಸಾವಿರದ ಒಂಬತ್ತರ ಮಾರ್ಚ್. ಆ ವಾರವೇ ಊರಿನಿಂದ ಮತ್ತೆ ಫೋನ್ ಬಂದಿತ್ತು. ಬ್ರಿಜಿಟ್ ಹಾಸಿಗೆ ಹಿಡಿದಿದ್ದಾಳೆ, ನೀರೂ ಇಳಿಯುತ್ತಿಲ್ಲ, ಮಗಳ ಹೆಸರೊಂದನ್ನೇ ಹೇಳುತ್ತಾಳೆ. ಮುಐದರಿನ ಯಜಮಾನ ಕೆಟ್ಟವನೇನಲ್ಲ. ಆದರೆ ಮನೆಯಲ್ಲಿ ತಂಗಿಯ ಮದುವೆ. ಸಹಿ ಕೇಳಿದಾಗಲೆಲ್ಲ "ಬಾದೇನ್, ಬಾದೇನ್" ಎನ್ನುತ್ತಿದ್ದ. ಆಮೇಲೆ ನೋಡೋಣ ಎಂದರ್ಥ. ಸಾವು ಆಮೇಲೆ ಬರುತ್ತೇನೆ ಅನ್ನುತ್ತದೆಯೇ? ಬ್ರೆಂಡನ್ ಸಾಹೇಬರು ಒಂದು ಫೋನ್ ಮಾಡಿದರೆ ಅವನು ಇಲ್ಲ ಎನ್ನುವವನಲ್ಲ. ಸಾಹೇಬರನ್ನು ಮುಟ್ಟುವ ದಾರಿ ಓರ್ಲಾ ಒಬ್ಬಳೇ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು.

ಶುಕ್ರವಾರದ ಪೂಜೆಗೆಂದು ಸಿಗುತ್ತಿದ್ದ ಎರಡು ಗಂಟೆಯ ಬಿಡುವಿನಲ್ಲಿ ಡೊರೊತಿ ಚರ್ಚಿಗೆ ಹೋಗದೆ ಹೋಟೆಲಿಗೆ ಹೋದಳು. ಲ್ಯಾನ್ಸ್‌ಲಾಟ್ ಅವಳನ್ನು ಹಿಂದಿನ ಬಾಗಿಲಿನಿಂದ ಹಾಲಿಗೆ ಸೇರಿಸಿದ. ಅವಳು ಗೋಡೆಗೆ ಒರಗಿ ನಿಂತಳು. ಪರದೆಯ ಮೇಲೆ ಓರ್ಲಾ ಎತ್ತರದ ಹುಡುಗಿ, ಅದೇ ಕಣ್ಣು. ಕಥೆ ಅರ್ಥವಾಗಲಿಲ್ಲ. ಆದರೆ ಒಂದು ಕಡೆ ಆ ಹುಡುಗಿ ಅಡುಗೆಮನೆಯ ನೆಲದಲ್ಲಿ ಕೂತು, ಬಟ್ಟೆಯನ್ನು ಬಾಯಿಗೆ ತುರುಕಿ, ಹಣೆಯನ್ನು ಕಪಾಟಿಗೆ ಒತ್ತಿದಳು. ಡೊರೊತಿ ಒಂಬತ್ತು ವರ್ಷ ಯಾರಿಗೂ ತೋರಿಸದ ಅಳು ಇಷ್ಟು ಜನರ ಮುಂದೆ ಗೋಡೆಯಷ್ಟು ಎತ್ತರಕ್ಕೆ ನಿಂತಿತ್ತು. ಓರ್ಲಾ ಎಲ್ಲ ತಿಳಿದೇ ಮಾಡಿದ್ದಾಳೆ, ನನ್ನ ಫಿಡೆಲಿಸನಿಗಾಗಿ ಅತ್ತಿದ್ದಾಳೆ ಎಂದು ಅವಳ ಎದೆ ತುಂಬಿ ಬಂತು. ಇನ್ನು ಸಹಿಯ ಮಾತು ಹೇಳಿ ಮುಗಿಸುವ ಮೊದಲೇ ಆಕೆಗೆ ಅರ್ಥವಾಗುತ್ತದೆ.

ದೀಪ ಹತ್ತಿತು. ಆ ಅಳುವನ್ನು ಎಲ್ಲಿ ಕಲಿತಿರಿ ಎಂದು ಯಾರೋ ಇಂಗ್ಲಿಷಿನಲ್ಲಿ ಕೇಳಿದರು. ವೇದಿಕೆಯ ಮೇಲಿನ ಓರ್ಲಾ ನಕ್ಕಳು.

"ಇಲ್ಲೇ ದೋಹಾದಲ್ಲಿ! ನಮ್ಮ ಡೋರಾ ಒಮ್ಮೆ ಹೀಗೆ ಅಳ್ತಾ ಕೂತಿದ್ದಳು. ಪಾಪ, ಅವಳಿಗೆ ಹಲ್ಲುನೋವು!"

ಹಾಲಿಗೆ ಹಾಲೇ ಗೊಳ್ಳೆಂದು ನಕ್ಕಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಜನ ಕರಗಿದಾಗ ಓರ್ಲಾಳೇ ಅವಳನ್ನು ಕಂಡು, ಕಿರುಚಿ, ಓಡಿ ಬಂದು ತಬ್ಬಿಕೊಂಡಳು. ಪ್ರೀತಿಯಲ್ಲಿ ಕಪಟವಿರಲಿಲ್ಲ. "ಡೋರಾ! ನನ್ನ ಡೋರಾ! ಹಲ್ಲು ಹೇಗಿದೆ?"

ಡೊರೊತಿ ಬಾಯಿ ತೆರೆದಳು. ತಾಯಿ, ಸಹಿ, ಫೋನ್, ಮೂರೇ ಮಾತು. ಆದರೆ ಸಹಿಯೆಂದರೆ ಮೊದಲ ಸಹಿಯ ಕಥೆ ಬರುತ್ತದೆ, ಮಗನ ಸಾವು ಬರುತ್ತದೆ, ಈ ನಗುಮುಖ ಇಲ್ಲೇ ಒಡೆದುಹೋಗುತ್ತದೆ. ತಾನೇ ತುತ್ತಿಟ್ಟು ಬೆಳೆಸಿದ ಮುಖ ಅದು.

"ಕಿತ್ತು ಹಾಕಿದ್ರು, ಮಗಾ," ಎಂದಳು. ಅಷ್ಟರಲ್ಲಿ ಫೋಟೋಕ್ಕೆ ಕರೆದರು. ಓರ್ಲಾ ಕೈಬೀಸಿ ಹೋದಳು.

ಕಾರಿನಲ್ಲಿ ಲ್ಯಾನ್ಸ್‌ಲಾಟ್ ಕೇಳಿದ, "ಹೇಳಿದ್ರಾ ಬಾಯಿ?"

"ಇಲ್ಲ."

"ಎಂತ ಸಾವು ನಿಮ್ದು! ಅದಕ್ಕೇ ಅಲ್ವಾ ಬಂದದ್ದು?" ಅವನು ಸ್ಟಿಯರಿಂಗಿಗೆ ಗುದ್ದಿದ. "ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?"

ಆಗಲಿಲ್ಲ. ಓರ್ಲಾ ಮರುದಿನ ಬೆಳಿಗ್ಗೆ ವಿಮಾನ ಹತ್ತಿದಳು. ಸೋಮವಾರ ಮಧ್ಯಾಹ್ನ ಬ್ರಿಜಿಟ್ ತೀರಿಕೊಂಡಳು.

ಮುಐದರಿನ ಮನೆಯಲ್ಲಿ ಮದುವೆಗೆ ಬಂದ ನೆಂಟರು ಊಟಕ್ಕೆ ಕೂತಿದ್ದರು. ಡೊರೊತಿ ಫೋನ್ ಇಟ್ಟು ಅಡುಗೆಮನೆಯ ನೆಲದಲ್ಲಿ ಕೂತಳು. ಕೈ ತಾನಾಗಿಯೇ ಒರೆಸುವ ಬಟ್ಟೆಯನ್ನು ಎಳೆದು ಬಾಯಿಯವರೆಗೆ ತಂದಿತು. ಅವಳು ಅದನ್ನು ನೋಡಿದಳು. ಮುದುರಿ ದೂರ ಎಸೆದು, ಗಂಟಲು ಬಿಚ್ಚಿ ಅತ್ತಳು. ಇಬ್ಬರಿಗೂ ಸೇರಿಸಿ ಅತ್ತಳು. ಒಳಗೆ ಊಟದ ಸದ್ದು ನಿಂತಿತು.

ಬಾಗಿಲಲ್ಲಿ ಮನೆಯ ಆರು ವರ್ಷದ ಹುಡುಗಿ ಹೆಸ್ಸಾ ಕಣ್ಣರಳಿಸಿ ನಿಂತಿದ್ದಳು. ಹಿಂದಿನಿಂದ ಅವಳ ತಾಯಿ ಧಾವಿಸಿ ಬಂದು, "ಏನಿಲ್ಲ, ಏನಿಲ್ಲ, ಬಾ" ಎಂದು ಮಗುವನ್ನು ಎಳೆಯತೊಡಗಿದಳು. ಡೊರೊತಿ ಮಗುವಿನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಉಮ್ಮೀ ಮಾತತ್," ಎಂದಳು ತನಗೆ ಬರುವ ಹರಕುಮುರುಕು ಅರಬಿಯಲ್ಲಿ. "ನನ್ನ ಅಮ್ಮ ಸತ್ತಳು, ಹೆಸ್ಸಾ. ಮೊದಲು ನನ್ನ ಮಗ ಸತ್ತ. ಅದಕ್ಕೆ ಅಳ್ತಾ ಇದ್ದೇನೆ. ಬೇರೆ ಯಾರು ಏನು ಹೇಳಿದ್ರೂ ನಂಬಬೇಡ."