ಮುರಿದ ನೆಟಿಗೆ

ದಿನಾ ಅಂತರಸನಹಳ್ಳಿ ಫ್ಯಾಕ್ಟರಿಗೆ ಹೊರಟಾಗ ನನ್ನ ಮೊಮ್ಮಗಳು ತಲೆ ಬಗ್ಗಿಸಿ ನಿಲ್ಲೋಳು. ನಾನು ಅವಳ ಕೆನ್ನೆ ನೀವಿ, ಲಟಲಟ ನೆಟಿಗೆ ಮುರಿದು, ದೃಷ್ಟಿ ತೆಗೆದು ಕಳಿಸೋಳು. ಗುಬ್ಬಿಗೆ ಗೆಳತಿ ಮದುವೆಗೆ ಹೋದ ದಿನ ಮಾತ್ರ ಆತುರದಲ್ಲಿ ಹಂಗೇ ಹೋದಳು. ಬರೋವಾಗ ಅವಳ ಸ್ಕೂಟಿಗೆ ಟೆಂಪೋ ಗುದ್ದಿತು.

ಮೂಳೆ ಕೂಡಿತು, ನೆನಪು ಕೂಡಲಿಲ್ಲ. ಹುಟ್ಟಿದಾಗಿಂದ ‘ಏನೇ ಅಜ್ಜಿ’ ಅಂತಿದ್ದವಳು ನನ್ನ ನೋಡಿ, “ನೀವು ಕೂತ್ಕೊಳ್ಳಿ” ಅಂದಳು. ಆ ‘ನೀವು’ ಕೇಳಿ ಎದೆಗೆ ಕೊಳ್ಳಿ ಇಟ್ಟಂಗಾಯ್ತು. ಆ ಟೆಂಪೋದವನನ್ನ ಸುಮ್ಮನೆ ಬಿಡಬಾರದು ಅಂತ ಅವತ್ತೇ ಹಲ್ಲು ಕಚ್ಚಿದೆ.

ಹುಡುಕೋ ಕಷ್ಟವೇ ಇರಲಿಲ್ಲ, ತಪ್ಪಾಯ್ತು ಅಂತ ಅವನೇ ಬಂದ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯವನು, ಭಾನುವಾರ ಬಂತು ಅಂದ್ರೆ ಶೆಟ್ಟಿಹಳ್ಳಿಯ ನಮ್ಮನೆ ಬಾಗಿಲಿಗೆ ಎಳನೀರು ಹೊತ್ತು ಬರೋನು. ಎಳನೀರು ಇಸ್ಕೊಂಡು, ಅವನ ಮುಖಕ್ಕೇ ನೆಟಿಗೆ ಮುರಿದು ಶಾಪ ಹಾಕ್ತಿದ್ದೆ.

“ನಿನ್ ಗಾಡಿ ಗುಜರಿ ಸೇರ! ಕಟ್ಕೊಂಡೋಳೇ ನಿನ್ನ ಯಾರು ಅಂತ ಕೇಳ!”

“ಅವ್ಳು ಈಗ್ಲೂ ಹಂಗೇ ಕೇಳ್ತಾಳೆ ಕಣಜ್ಜಿ.”

ನನ್ನ ಹೊಟ್ಟೆ ಉರೀತಿದ್ದದ್ದು ಇನ್ನೊಂದಕ್ಕೆ. ಮೊಮ್ಮಗಳು ಅವನ ಹತ್ತಿರ ಮಾತ್ರ ನಗ್ತಿದ್ದಳು. ನಾವೆಲ್ಲ ‘ಇದು ನೆನಪಿದೆಯಾ, ಅದು ನೆನಪಿದೆಯಾ’ ಅಂತ ಪ್ರಾಣ ತಿನ್ನೋರು. ಅವನು ಅವಳಿಗೆ ಹಳೆಯವನಲ್ಲ, ಏನೂ ಕೇಳ್ತಿರಲಿಲ್ಲ. ಕೆರೆ, ಮೀನು, ತನ್ನ ಎಮ್ಮೆಯ ತರಲೆ, ಇಂಥದೇ ಹೇಳೋನು. ಗುದ್ದಿದವನಿಗೆ ನಗು, ಸಾಕಿದವಳಿಗೆ ‘ನೀವು’!

ಹೋದ ಭಾನುವಾರ ಟೀವೀಲಿ ಯಾವುದೋ ಸಿನಿಮಾ. ತಲೆಗೆ ಇನ್ನೊಂದು ಏಟು ಬಿದ್ದಿದ್ದೇ ತಡ, ಹೀರೋಗೆ ಎಲ್ಲಾ ನೆನಪಾಯ್ತು. ಪಕ್ಕದಲ್ಲಿದ್ದ ಟೆಂಪೋದವನು ಬಾಯಿ ತಪ್ಪಿ, “ಹಿಂಗೂ ಆಗ್ತದಾ ಅಜ್ಜಿ?” ಅಂದ.

“ಏಟು ಬೀಳೋದಾದ್ರೆ ನಿನ್ ತಲೆಗೆ ಬೀಳ್ಲಿ ಕಣ್ಲಾ!” ಅಂತ ಎದ್ದು ನಿಂತು ಹತ್ತೂ ಬೆರಳು ಲಟಲಟ ಮುರಿದೆ.

ಮೊಮ್ಮಗಳು ತಿರುಗಿ ನನ್ನ ಕೈನೇ ನೋಡಿದಳು.

“ಏನೇ ಅಜ್ಜಿ, ಅವನಿಗ್ಯಾಕೆ ದೃಷ್ಟಿ ತೆಗೀತೀಯಾ? ನಂಗೆ?”

ತಲೆ ಬಗ್ಗಿಸಿ ಮುಂದೆ ನಿಂತಳು. ನನ್ನ ಬೆರಳಲ್ಲಿ ಒಂದು ನೆಟಿಗೆಯೂ ಮಿಕ್ಕಿರಲಿಲ್ಲ, ಎಲ್ಲಾ ಅವನ ಮೇಲೇ ಖರ್ಚು. ಬರೀ ಕೆನ್ನೆ ನೀವಿ ನೀವಿ ಅತ್ತೆ, ನಕ್ಕೆ, ಬೀದಿಯೋರೆಲ್ಲ ಓಡಿ ಬಂದರು.

ಅವನೂ ಅಳ್ತಿದ್ದ. “ಇನ್ನಾದ್ರೂ ಶಾಪ ವಾಪಸ್ ತಗೊಳಜ್ಜಿ.”

ಅವಳಿಗೆ ಫ್ಯಾಕ್ಟರಿ, ಗೆಳತಿ, ಮದುವೆ ಯಾವುದೂ ಇನ್ನೂ ನೆನಪಿಲ್ಲ.

“ತಗೊಳಲ್ಲ ಕಣ್ಲಾ,” ಅಂದೆ. “ಮುಂದಿನ ಭಾನುವಾರ ಬಾ. ಇನ್ನೂ ಹಾಕೋದಿದೆ.”