ಲಲಿತಾ ಆಂಟಿ ತಡೆದ ಹೆಸರು

ಲಲಿತಾ ಆಂಟಿ ನಾಲ್ಕು ಟಿವಿಗಳನ್ನು ಒಟ್ಟಿಗೆ ಕೇಳಬಲ್ಲವರಾಗಿದ್ದರು. ನ್ಯೂಜರ್ಸಿಯ ನಮ್ಮ ಪುಟ್ಟ ಸ್ಥಳೀಯ ಚಾನೆಲ್ಲಿನ ಕಂಟ್ರೋಲ್ ರೂಮಿನಲ್ಲಿ ನಮ್ಮದೂ ಪೈಪೋಟಿಯ ಮೂರು ಚಾನೆಲ್‌ಗಳೂ ಏಕಕಾಲಕ್ಕೆ ಕೂಗುತ್ತಿರುವಾಗ, ಸ್ಕ್ರಿಪ್ಟಿನಿಂದ ಕಣ್ಣೆತ್ತದೆ, “ಎರಡನೇದ್ರಲ್ಲಿ ಸೇತುವೆ ಹೆಸರು ತಪ್ಪು ಹೇಳಿದ್ರು” ಎನ್ನುತ್ತಿದ್ದರು. ಚನ್ನರಾಯಪಟ್ಟಣದಿಂದ ಬಂದು ಮೂವತ್ತು ವರ್ಷವಾಗಿತ್ತು. ಸಂಜೆ ಐದರ ವಾರ್ತೆಗೆ ಅವರೇ ಪ್ರೊಡ್ಯೂಸರ್. ತೆರೆಯ ಕೆಳಗೆ ಮೂಡುವ ಅಕ್ಷರಗಳನ್ನು ಟೈಪ್ ಮಾಡುವುದು ನನ್ನ ಕೆಲಸ. ಮೊದಲ ದಿನ ಆಂಟಿ ತಮ್ಮ ಡಬ್ಬಿಯ ಅರ್ಧ ಚಿತ್ರಾನ್ನ ಕೊಟ್ಟರು. ಮರುದಿನ ಒಂದು ಊರಿನ ಹೆಸರಿನಲ್ಲಿ ಅಕ್ಷರ ಬಿಟ್ಟದ್ದಕ್ಕೆ ಎಲ್ಲರೆದುರು ಬೈದರು. “ಆ ಊರಲ್ಲಿ ಜನ ಇದಾರಮ್ಮ. ನೋಡ್ತಿರ್ತಾರೆ.”

ಒಂದು ಚಳಿಗಾಲದ ಮಧ್ಯಾಹ್ನ ಹೆದ್ದಾರಿಯಲ್ಲಿ ಟ್ರಕ್ಕೊಂದು ಬಸ್ಸಿಗೆ ಗುದ್ದಿ ಬಸ್ ಡ್ರೈವರ್ ತೀರಿಕೊಂಡ. ಐದಕ್ಕೆ ನಾಲ್ಕು ನಿಮಿಷವಿದ್ದಾಗ ನಮ್ಮ ವರದಿಗಾರ ಅವನ ಹೆಸರು ಕಳಿಸಿದ. ನಾನು ಟೈಪ್ ಮಾಡಿದೆ.

“ಪೊಲೀಸ್ನೋರು ಕೊಟ್ಟಿದ್ದಾ?” ಆಂಟಿ ಕೇಳಿದರು.

“ಇನ್ನೊಬ್ಬ ಡ್ರೈವರ್ ಹೇಳಿದ್ದಂತೆ.”

“ಮನೆಯವರಿಗೆ ಗೊತ್ತಾಗಿದ್ಯಾ?”

ನನಗೆ ತಿಳಿದಿರಲಿಲ್ಲ.

“ತೆಗಿ.”

ಅಷ್ಟರಲ್ಲಿ ಮೂರನೆಯ ಚಾನೆಲ್ಲಿನಲ್ಲಿ ಆ ಹೆಸರು ಬಂದೇಬಿಟ್ಟಿತು. ನಮ್ಮ ಬಾಸ್ ಕೆವಿನ್ ಬಾಗಿಲು ತಳ್ಳಿಕೊಂಡು ಬಂದ. ಅವರೇ ಹಾಕಿದ್ದಾರೆ, ಹಾಕಿ ಎಂದ. ಆಂಟಿ ಆಗುವುದಿಲ್ಲ ಎಂದರು. ಇದೇ ನಿಮ್ಮ ಕೊನೆಯ ಬುಲೆಟಿನ್ ಆದೀತು ಎಂದು ಅವರಿಗೆ ಹೇಳಿ, ಕೆವಿನ್ ನನ್ನ ಕಡೆ ತಿರುಗಿದ. “ನೀನು ಹಾಕು.”

ನನ್ನ ವೀಸಾ ಅದೇ ಆಫೀಸಿನ ಕೈಯಲ್ಲಿತ್ತು. ಬೆರಳು ಹೆಸರನ್ನು ತೆರೆಗೆ ಕಳಿಸುವ ಗುಂಡಿಯ ಮೇಲಿತ್ತು. ಕಿವಿಯ ಹೆಡ್‌ಫೋನಿನಲ್ಲಿ ವಾರ್ತೆಯ ಎಣಿಕೆ ಶುರುವಾಗಿತ್ತು: ಹತ್ತು, ಒಂಬತ್ತು, ಎಂಟು. ಆಂಟಿ ನನ್ನ ಮುಖ ನೋಡಲಿಲ್ಲ. ಕೈ ಚಾಚಿ ನನ್ನ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. “ಇವಳನ್ನ ಕೇಳಬೇಡಿ. ಹಾಕದೇ ಇರೋದು ನಾನು” ಎಂದು ಇಂಗ್ಲಿಷಿನಲ್ಲಿ ಕೆವಿನ್‌ಗೆ ಹೇಳಿದರು. ವಾರ್ತೆ ಶುರುವಾಯಿತು. ಬಸ್ ಡ್ರೈವರ್ ಒಬ್ಬರು ಸತ್ತಿದ್ದಾರೆ ಎಂದಷ್ಟೇ ಹೇಳಿತು ನಮ್ಮ ಚಾನೆಲ್.

ಆರಕ್ಕೆ ಪೊಲೀಸರು ಪ್ರಕಟಿಸಿದ್ದೂ ಅದೇ ಹೆಸರನ್ನು. ಆಂಟಿಗೆ ಎಚ್ಚರಿಕೆಯ ಪತ್ರ ಬಂತು. ಓದಿ, ಸಹಿ ಹಾಕಿ ಕೊಟ್ಟರು.

ಮೂರು ದಿನದ ಮೇಲೆ ಆ ಡ್ರೈವರನ ತಂಗಿ ಫೋನ್ ಮಾಡಿದಳು. ಪ್ಯಾಟರ್ಸನ್ ಊರಿನಲ್ಲಿರುವ ಅವಳ ತಾಯಿಯ ಮನೆಯಲ್ಲಿ ಕೇಬಲ್ ಇಲ್ಲ. ಆಂಟೆನಾದಲ್ಲಿ ನಮ್ಮ ಚಾನೆಲ್ ಒಂದೇ ಸರಿಯಾಗಿ ಬರುವುದು. ಅವಳು ಐದೂಕಾಲಿಗೆ ಮನೆ ಮುಟ್ಟಿದಾಗ ಮುದುಕಿ ನಮ್ಮ ವಾರ್ತೆಯನ್ನೇ ನೋಡುತ್ತಿದ್ದಳಂತೆ, ಪಾಪ, ಯಾರೋ ಸತ್ತರಂತೆ ಎಂದಳಂತೆ. ಟಿವಿ ಆರಿಸಿ, ಪಕ್ಕದಲ್ಲಿ ಕೂತು, ಮಗಳೇ ಹೇಳಿದಳು. ಆಂಟಿ ಎಲ್ಲ ಕೇಳಿ, ನಿಮ್ಮ ತಾಯಿ ಊಟ ಮಾಡುತ್ತಿದ್ದಾರಾ ಎಂದಷ್ಟೇ ವಿಚಾರಿಸಿದರು. ಫೋನಿಟ್ಟು ಬಾತ್‌ರೂಮಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಎರಡು ವರ್ಷದಲ್ಲಿ ನಮ್ಮ ಕಂಟ್ರೋಲ್ ರೂಮಿನ ಕೆಲಸ ಬೇರೆ ರಾಜ್ಯಕ್ಕೆ ಹೋಯಿತು. ಆಂಟಿಯ ಕೆಲಸವೂ ಹೋಯಿತು. ಅವರು ಕೊನೆಯ ಸಲ ಸಿಕ್ಕಿದ್ದು ನ್ಯೂಯಾರ್ಕಿನ ಫ್ಲಶಿಂಗ್ ಬಡಾವಣೆಯ ದೇವಸ್ಥಾನದ ಕ್ಯಾಂಟೀನಿನಲ್ಲಿ. ನನಗೆ ನ್ಯೂಯಾರ್ಕಿನ ದೊಡ್ಡ ಚಾನೆಲ್ಲಿನಲ್ಲಿ ಪ್ರೊಡ್ಯೂಸರ್ ಕೆಲಸ ಸಿಕ್ಕಿದೆ ಎಂದೆ.

“ಅಲ್ಲಿ ‘ಹಾಕಬೇಡಿ’ ಅನ್ನೋರು ಯಾರಿದಾರೆ?”

“ಹಾಗೆ ಯಾರೂ ಕಾಣಲಿಲ್ಲ ಆಂಟಿ.”

“ಸರಿ. ಇನ್ಮೇಲೆ ನೀನೇ” ಎಂದು ದೋಸೆ ಮುರಿದರು.

ಆ ಬೇಸಿಗೆಯಲ್ಲಿ ಒಂದು ಸಂಜೆ, ವಾರ್ತೆಗೆ ಆರು ನಿಮಿಷವಿದ್ದಾಗ, ಆಂಟಿಯ ಮಗ ಫೋನ್ ಮಾಡಿದ. ಇಲ್ಲೇ ಹುಟ್ಟಿ ಬೆಳೆದವನು, ತಡವರಿಸುವ ಕನ್ನಡ. “ಅಮ್ಮನ ವಿಷಯ ಹೇಳ್ಬೇಕು. ನೀವು ಕೂತಿದೀರಾ?” ಎಂದು ಮೊದಲು ಕೇಳಿದ. ಇಲ್ಲ ಎಂದೆ. ನಾನು ಕುರ್ಚಿ ಎಳೆದುಕೊಳ್ಳುವವರೆಗೂ ಅವನು ಕಾದ.